ಹಳದಿ ಬಣ್ಣ ತಿಳಿಯಾಗುವವರೆಗೆ

ಈಚೆಗೆ ನಾನು ನಿವೃತ್ತಳಾದ ಮೆಡಿಕಲ್ ಕಾಲೇಜಿನ ವೈರಾಣು ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಮಾತಿಗೆ ಕರೆದಿದ್ದರು. ಕೊನೆಯಲ್ಲಿ ಒಬ್ಬಳು ಎದ್ದು ನಿಂತು, "ಮೇಡಂ, ನೀವು ಫಸ್ಟ್ ನೋಡಿದ ವೈರಸ್ ಯಾವ್ದು?" ಎಂದು ಕೇಳಿದಳು.

"ಒಂದನ್ನೂ ನೋಡಿಲ್ಲಮ್ಮ" ಎಂದೆ.

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ವೈರಾಣುವಿನ ಆಕಾರ ಕಾಣಬೇಕಾದರೆ ದೊಡ್ಡ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ನಾವಿದ್ದ ಕಟ್ಟಡದಲ್ಲಿ ಅದು ಯಾವತ್ತೂ ಇರಲಿಲ್ಲ. ವೈರಾಣು ಬಂದು ಹೋದ ಗುರುತು, ಅದು ಕೆಡವಿದ ಕೋಶ, ಅದನ್ನು ಕಂಡು ಮನುಷ್ಯನ ಮೈ ಗಾಬರಿಯಾಗಿ ಮಾಡಿಕೊಂಡ ಸಿದ್ಧತೆ, ಇಷ್ಟನ್ನೇ ನೋಡುತ್ತ ನನ್ನ ವೃತ್ತಿ ಮುಗಿಯಿತು. ಆದರೂ ಬೇಸರವೆಂಬುದು ಹತ್ತಿರ ಸುಳಿಯಲಿಲ್ಲ. ಏಕೆ ಎಂದು ಆ ಮಕ್ಕಳಿಗೆ ಅವತ್ತು ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಹೇಳಲು ನೋಡುತ್ತೇನೆ. ರೋಗಿಗಳ ಹೆಸರುಗಳನ್ನು ಬದಲಿಸಿದ್ದೇನೆ.

ನಾನು ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಮನೆ ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ. ಬಸ್ಸು ಹಿಡಿದು ಮಾರ್ಕೆಟ್‌ನಲ್ಲಿ ಇಳಿದು, ಹೂವಿನ ಕುಕ್ಕೆ ಹೊತ್ತವರ ನಡುವೆ ದಾರಿ ಮಾಡಿಕೊಂಡು ಕಾಲೇಜು ಸೇರುವಷ್ಟರಲ್ಲಿ ಸೀರೆಗೆ ಸೇವಂತಿಗೆ ದಳ ಅಂಟಿರುತ್ತಿತ್ತು. ನಮ್ಮ ಪ್ರಯೋಗಾಲಯ ಹಳೆಯ ಕಲ್ಲುಕಟ್ಟಡದ ಹಿಂಭಾಗದಲ್ಲಿತ್ತು. ಮುಖ್ಯಸ್ಥರು ಶೇಷಗಿರಿ ಸರ್. ಬಸವನಗುಡಿಯವರು, ತೆಳ್ಳಗೆ, ಎತ್ತರದ ಆಳು. ದನಿ ಏರಿಸುತ್ತಿರಲಿಲ್ಲ. ಆದರೆ "ಅನ್ಸುತ್ತೆ" ಎಂಬ ಒಂದು ಮಾತು ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಮೊದಲ ವಾರವೇ ನಾನು, "ಇದು ದಡಾರದ ವೈರಸ್ ಅನ್ಸುತ್ತೆ ಸರ್" ಎಂದಾಗ ಅವರು ಕೈಲಿದ್ದ ಪೆನ್ನು ಮುಚ್ಚಿಟ್ಟರು.

"ಅನ್ಸೋದನ್ನ ಮನೇಲಿ ಇಟ್ಟು ಬಾಮ್ಮ. ಇಲ್ಲಿ ಕಂಡಿದ್ದು ಹೇಳು. ಕಾಣ್ದೇ ಇದ್ರೆ ಕಾಣ್ಲಿಲ್ಲ ಅಂತ ಹೇಳು. ಅದೂ ಒಂದು ಉತ್ತರಾನೇ."

ಕಾಣುವುದು ಎಂದರೇನು ಎಂದು ತೋರಿಸಿದವರೂ ಅವರೇ. ಚಪ್ಪಟೆ ಗಾಜಿನ ಬಾಟಲಿಯಲ್ಲಿ ನಾವು ಜೀವಂತ ಕೋಶಗಳನ್ನು ಬೆಳೆಸುತ್ತಿದ್ದೆವು. ಮೈಕ್ರೋಸ್ಕೋಪಿನಲ್ಲಿ ಅವು ಅಂಗಳಕ್ಕೆ ಹಾಸಿದ ಕಲ್ಲುಚಪ್ಪಡಿಯ ಹಾಗೆ ಒಂದಕ್ಕೊಂದು ತಾಗಿಕೊಂಡು ಕಾಣುತ್ತವೆ. ದಡಾರವಾಗಿದ್ದ ಒಂದು ಮಗುವಿನ ಗಂಟಲಿನಿಂದ ತೆಗೆದ ದ್ರವವನ್ನು ಅಂಥ ಒಂದು ಬಾಟಲಿಗೆ ಹಾಕಿದೆವು. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸರ್ ನೋಡಿ, ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ನಡುಮಧ್ಯದಲ್ಲಿ ಕೋಶಗಳ ನಡುವಿನ ಪೊರೆಗಳೆಲ್ಲ ಕರಗಿಹೋಗಿದ್ದವು. ವಠಾರದ ಮನೆಗಳ ನಡುಗೋಡೆ ಒಡೆದು ಒಂದೇ ಹಜಾರ ಮಾಡಿದ ಹಾಗೆ ಹತ್ತಾರು ಕೋಶ ಸೇರಿ ಒಂದು ದೈತ್ಯ ಕೋಶವಾಗಿತ್ತು. ಅದನ್ನು ಮಾಡಿದ್ದು ಎಲ್ಲಿದೆ ಎಂದರೆ ಎಲ್ಲೂ ಕಾಣದು. ಈ ಕೆಲಸದಲ್ಲೇ ಇರಬೇಕೆಂದು ತೀರ್ಮಾನಿಸಿದ್ದು ಅವತ್ತೇ.

ಈ ಕೋಶಗಳು ಬಹಳ ನಾಜೂಕು. ಒಂದು ವರ್ಷ ಆಯುಧಪೂಜೆಯ ದಿನ ವಿಭಾಗದವರೆಲ್ಲ ಸೇರಿ ಭಕ್ತಿಯಿಂದ, ಬಾಟಲಿಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ಗೆ ಪೂಜೆ ಮಾಡಿದೆವು. ಹೊರಗೆ ಮಾಡಿದ್ದರೆ ಸಾಕಿತ್ತು. ಯಾರೋ ಬಾಗಿಲು ತೆರೆದು ಒಳಗಿನ ತಟ್ಟೆಗೂ ಅರಿಶಿನ ಕುಂಕುಮ ಹಚ್ಚಿ, ಒಂದು ಚೆಂಡುಹೂವು ಇಟ್ಟುಬಿಟ್ಟರು. ರಜೆ ಮುಗಿಸಿ ಬಂದು ನೋಡಿದರೆ ಎಲ್ಲ ಬಾಟಲಿಗಳಲ್ಲೂ ಬೂಷ್ಟು! ತಿಂಗಳುಗಳ ದುಡಿಮೆ ಹಾಳಾಗಿತ್ತು. ನಾವೆಲ್ಲ ತಲೆ ತಗ್ಗಿಸಿ ನಿಂತಿದ್ದೆವು. ಸರ್ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ದೇವರು ಪೂಜೆ ಸ್ವೀಕಾರ ಮಾಡಿದ್ದಾನೆ. ಏನೋ ಒಂದು ಚೆನ್ನಾಗಿ ಬೆಳೆದಿದೆ" ಎಂದರು. ಮುಂದಿನ ವರ್ಷದಿಂದ ಪೂಜೆ ಬಾಗಿಲ ಹೊರಗೇ ನಿಂತಿತು.

ಹುಚ್ಚುನಾಯಿ ರೋಗದ ಪರೀಕ್ಷೆಯೂ ನಮ್ಮಲ್ಲೇ ಆಗುತ್ತಿತ್ತು. ಚಾಮರಾಜಪೇಟೆಯ ಒಂದು ರಸ್ತೆಯಲ್ಲಿ ಸತ್ತ ನಾಯಿಯನ್ನು ಒಮ್ಮೆ ತಂದರು. ಅದು ಸಾಯುವ ಮುಂಚೆ ಅಲ್ಲಿನ ಶಾಲೆಯೊಂದರ ಟೀಚರ್ ಸುಶೀಲಮ್ಮನವರನ್ನು ಕಚ್ಚಿತ್ತು. ನಾಯಿಯ ಮೆದುಳಿನ ಚೂರನ್ನು ಗಾಜಿನ ಮೇಲೆ ಒತ್ತಿ, ಆ ವೈರಾಣುವಿಗೆ ಮಾತ್ರ ಅಂಟಿಕೊಳ್ಳುವ ಹೊಳೆಯುವ ಬಣ್ಣ ಹಾಕಿ, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಯಲ್ಲಿ ನೋಡಬೇಕು. ನಾನು ಕಣ್ಣಿಟ್ಟೆ. ಕಪ್ಪು ಆಕಾಶದಲ್ಲಿ ಹಸಿರು ನಕ್ಷತ್ರಗಳು ಚೆಲ್ಲಿದ್ದವು. ಅಷ್ಟು ಚೆಂದದ ಹಸಿರನ್ನು ನಾನು ಲಾಲ್‌ಬಾಗಿನಲ್ಲೂ ಕಂಡಿರಲಿಲ್ಲ. ಒಂದು ಕ್ಷಣ ಚೆಂದ ಎಂದುಕೊಂಡು, ಮರುಕ್ಷಣ ಅದರ ಅರ್ಥ ಹೊಳೆದು ಕಣ್ಣು ತೆಗೆದೆ.

ಸರ್ ನನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದರು: "ಅದಕ್ಕೆ ಕೋಪ ಇಲ್ಲ, ಹಸಿವಿಲ್ಲ, ಮೆದುಳೂ ಇಲ್ಲ. ಆದ್ರೂ ಮೆದುಳಿರೋ ನಾಯೀನ ತನಗೆ ಬೇಕಾದ ಹಾಗೆ ಓಡಿಸ್ತು, ಕಚ್ಚಿಸ್ತು. ಇಷ್ಟು ವರ್ಷದಿಂದ ನೋಡ್ತಿದೀನಿ, ಇನ್ನೂ ನನಗೆ ಅರ್ಥ ಆಗಿಲ್ಲ."

ಸುಶೀಲಮ್ಮನವರ ಚುಚ್ಚುಮದ್ದು ಎಲ್ಲಿಯವರೆಗೆ ಬಂದಿದೆ ಎಂದು ವಿಚಾರಿಸಿದರೆ, ಅವರು ಅರ್ಧಕ್ಕೇ ನಿಲ್ಲಿಸಿದ್ದಾರೆಂದು ಗೊತ್ತಾಯಿತು. ಆಗ ಹೊಕ್ಕುಳ ಸುತ್ತ ಕೊಡುವ ಹಳೆಯ ಲಸಿಕೆಯೇ ಬಳಕೆಯಲ್ಲಿತ್ತು. ಹೊಟ್ಟೆ ಊದಿ ಕೆಂಪಾಗುತ್ತಿತ್ತು, ರವಿಕೆ ತಾಗಿದರೂ ಉರಿ. ಸರ್ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, "ನಡಿಯಮ್ಮ, ಹೋಗ್ಬರೋಣ" ಎಂದರು. ಪ್ರೊಫೆಸರರೊಬ್ಬರು ಪ್ರಯೋಗಾಲಯ ಬಿಟ್ಟು ರೋಗಿಯ ಮನೆಗೆ ನಡೆದುಕೊಂಡು ಹೋಗುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಟೀಚರ್ ನಮ್ಮನ್ನು ಕೂರಿಸಿ ಕಾಫಿ ತಂದರು. ಐವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು.

"ನೋಡಿ ಡಾಕ್ಟ್ರೇ, ಅದು ನಾನೇ ದಿನಾ ಅನ್ನ ಹಾಕ್ತಿದ್ದ ನಾಯಿ. ಏನೋ ಅದರ ಕಾಲು ತುಳಿದೆ, ಕಚ್ತು. ಗಾಯಾನೂ ಮಾಗಿದೆ. ಸಾಕಾಯ್ತು ನನಗೆ, ಇನ್ನು ಚುಚ್ಚಿಸ್ಕೊಳಲ್ಲ."

"ಗಾಯ ಮಾಗಿದೆ ಅಂತ ಅದು ಹೊರಟುಹೋಯ್ತು ಅಂದ್ಕೋಬೇಡಿ" ಎಂದರು ಸರ್. "ಅದು ನಿಮ್ಮ ಕಾಲಿನ ನರ ಹಿಡ್ಕೊಂಡು ಮೇಲಕ್ಕೆ ನಡೀತಿರಬಹುದು. ನಿಧಾನವಾಗಿ ನಡಿಯುತ್ತೆ, ಆದ್ರೆ ನಿಲ್ಲಲ್ಲ. ಅದು ಮೆದುಳು ಮುಟ್ಟೋಕೆ ಮುಂಚೆ ನಿಮ್ಮ ಮೈ ಅದನ್ನ ಎದುರಿಸೋದು ಕಲೀಬೇಕು. ಚುಚ್ಚುಮದ್ದು ಅಂದ್ರೆ ಅಷ್ಟೇ ಟೀಚರ್, ಮೈಗೆ ಪಾಠ. ನೀವು ಅರ್ಧ ಪಾಠ ಮಾಡಿ ಮಕ್ಕಳನ್ನ ಪರೀಕ್ಷೆಗೆ ಕೂರಿಸ್ತೀರಾ?"

ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು. "ನಾಯಿಗೆ ಅದೇ ಇತ್ತಾ? ನಿಜವಾಗಿ ನೋಡಿದ್ರಾ?"

ಸರ್ ನನ್ನ ಕಡೆ ತಿರುಗಿದರು. "ನಾನು ಕಂಡೆ ಅಮ್ಮ" ಎಂದೆ.

ಅವರು ಚಪ್ಪಲಿ ಹಾಕಿಕೊಂಡು ನಮ್ಮ ಜೊತೆಗೇ ಹೊರಟರು. ಪೂರ್ತಿ ಲಸಿಕೆ ಪಡೆದರು, ಬದುಕಿದರು, ನಿವೃತ್ತರಾಗುವವರೆಗೂ ಪಾಠ ಮಾಡಿದರು. ಈಗ ತೋಳಿಗೆ ಕೊಡುವ ಸುಲಭದ ಲಸಿಕೆ ಬಂದಿದೆ, ಹಳೆಯದು ಹೋಗಿದೆ. ಹೋಗಲಿ, ಒಳ್ಳೆಯದೇ ಆಯಿತು. ಆದರೆ ಓಡುವ ಇಬ್ಬರೂ ಕಣ್ಣಿಗೆ ಕಾಣದ ಒಂದು ಓಟದಲ್ಲಿ, ನರದೊಳಗೆ ನಡೆಯುವ ವೈರಾಣುವಿಗಿಂತ ಮುಂಚೆ ಮನುಷ್ಯನ ರಕ್ತ ಪಾಠ ಕಲಿತು ಗೆಲ್ಲುತ್ತದಲ್ಲ, ಆ ವಿಸ್ಮಯ ಹಳೆಯದಾಗಿಲ್ಲ.

ಇನ್ನು ಶಾಂತಾ ಎಂಬ ಹುಡುಗಿಯ ವಿಷಯ. ಅದು ತೊಂಬತ್ತರ ದಶಕದ ಕೊನೆಯ ಮಾತು. ಎಚ್‌ಐವಿ ಎಂದರೆ ವಾರ್ಡುಗಳಲ್ಲಿ ಜನ ದನಿ ತಗ್ಗಿಸುತ್ತಿದ್ದ ಕಾಲ. ಔಷಧಿ ಬಡವರ ಕೈಗೆ ಎಟುಕುತ್ತಿರಲಿಲ್ಲ. ಶಾಂತಾಳ ಗಂಡ ಅದೇ ಕಾಯಿಲೆಯಿಂದ ಅವಳು ಬಸುರಿಯಾಗಿದ್ದಾಗಲೇ ತೀರಿಕೊಂಡಿದ್ದ. ಹೆರಿಗೆಯಾದ ಮೇಲೆ ಆಸ್ಪತ್ರೆಯೊಂದರಲ್ಲಿ ಕೂಸಿನ ರಕ್ತ ಪರೀಕ್ಷೆ ಮಾಡಿ, ಕೂಸಿಗೂ ಇದೆ ಎಂದು ಹೇಳಿ ಕಳಿಸಿಬಿಟ್ಟಿದ್ದರು. ಅದನ್ನು ಕೇಳಿಕೊಂಡು ಸುಮ್ಮನಿರದೆ ನಮ್ಮ ಬಾಗಿಲಿಗೆ ಬಂದವಳು ಅವಳ ಅತ್ತೆ, ಮಾರ್ಕೆಟ್‌ನಲ್ಲಿ ಹೂ ಮಾರುವ ಪುಟ್ಟಮ್ಮ. ಕೂಸನ್ನು ಎದೆಗವಚಿಕೊಂಡಿದ್ದಳು. ಹಿಂದೆ ಶಾಂತಾ ಗೋಡೆಗೆ ಒರಗಿ ನಿಂತಿದ್ದಳು.

"ಈ ಕೂಸು ಉಳೀತದಾ ಇಲ್ವಾ, ಅಷ್ಟು ಹೇಳಿ ತಾಯಿ. ಮನೇಲಿ ನನ್ನ ದೊಡ್ಡ ಮಗ ಇವರಿಬ್ಬರನ್ನೂ ಆಚೆಗೆ ಕಳ್ಸು ಅಂತವ್ನೆ."

ನಾನು ಶಾಂತಾಳನ್ನು ಕೂರಿಸಿದೆ. "ನೋಡಮ್ಮ, ನಿನ್ನ ಮೈಯಲ್ಲಿ ವೈರಸ್ ಇದೆ. ಅದನ್ನ ಎದುರಿಸೋಕೆ ನಿನ್ನ ಮೈ ಒಂದಷ್ಟು ಕಾವಲಿನವರನ್ನ ಮಾಡ್ಕೊಂಡಿದೆ. ಕೂಸು ಹೊಟ್ಟೇಲಿದ್ದಾಗ ಆ ಕಾವಲಿನವರು ಅದರ ಮೈಗೂ ಹೋಗಿದಾರೆ. ಆಸ್ಪತ್ರೇಲಿ ಮಾಡಿದ ಪರೀಕ್ಷೆಗೆ ಕಾಣೋದು ಕಾವಲಿನವರು ಮಾತ್ರ."

ಪುಟ್ಟಮ್ಮ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಅಂದ್ರೆ ಮನೆ ಮುಂದೆ ಪೊಲೀಸ್ನೋರು ನಿಂತವ್ರೆ ಅಂತ ಒಳಗೆ ಕಳ್ಳ ಅವ್ನೆ ಅನ್ನಕ್ಕಾಗಲ್ಲ ಅನ್ನಿ."

"ಹಾಗೇ. ಕಳ್ಳ ಇರಬಹುದು, ಇಲ್ದೇನೂ ಇರಬಹುದು. ಈಗಲೇ ಹೇಳಕ್ಕಾಗಲ್ಲ."

"ಮತ್ತೆ ಯಾವಾಗ?"

"ನಿನ್ನ ಸೊಸೆ ಕೊಟ್ಟ ಕಾವಲು ಒಂದೂವರೆ ವರ್ಷದೊಳಗೆ ಖರ್ಚಾಗುತ್ತೆ. ಆಮೇಲೂ ಕೂಸಿನ ರಕ್ತದಲ್ಲಿ ಕಾವಲು ಕಂಡ್ರೆ, ಅದು ಕೂಸೇ ಮಾಡ್ಕೊಂಡಿದ್ದು. ಆಗ ಕಳ್ಳ ಇದಾನೆ ಅಂತ. ಕಾಣಲಿಲ್ಲ ಅಂದ್ರೆ ಇಲ್ಲ."

ಒಂದೂವರೆ ವರ್ಷ ಎಂದು ಬಾಯಲ್ಲಿ ಹೇಳುವುದು ಸುಲಭ. ಅಷ್ಟು ಕಾಲ ತಳ್ಳಬೇಕಾದವರು ಅವರು. ಎದೆಹಾಲಿನಲ್ಲೂ ವೈರಾಣು ದಾಟಬಹುದಾದ್ದರಿಂದ ಶಾಂತಾ ಮೊದಲಿನಿಂದಲೇ ಹಾಲು ಕೊಡದೆ ಎದೆಗೆ ಬಟ್ಟೆ ಬಿಗಿದುಕೊಂಡಿದ್ದಳು. ಅವರಿದ್ದ ಮಾವಳ್ಳಿಯ ಸಾಲುಮನೆಗಳಲ್ಲಿ ಕೂಸು ಅತ್ತರೆ ಎಲ್ಲರಿಗೂ ಕೇಳುತ್ತದೆ. ಯಾಕೆ ಹಾಲು ಕೊಡಲ್ಲ ಎಂದು ಕೇಳಿದವರಿಗೆಲ್ಲ ಪುಟ್ಟಮ್ಮ, "ನಮ್ಮ ವಂಶದಾಗೇ ಹಾಲು ಕಮ್ಮಿ ಕಣ್ರವ್ವ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳಂತೆ. ನಾಮಕರಣ ಆಗಲಿಲ್ಲ. ಪುಟ್ಟಮ್ಮ ತಾನಾಗಿ ಮಲ್ಲಿ ಎಂದು ಕರೆಯತೊಡಗಿದಳು.

ಒಂದು ದಿನ ದೊಡ್ಡ ಮಗ ನಾಗರಾಜನೇ ಬಂದ. ಅವನು ಕೆಟ್ಟವನೆಂದು ನನಗೆ ಕಾಣಲಿಲ್ಲ. ಹೆದರಿದ್ದ.

"ನನಗೂ ಎರಡು ಮಕ್ಕಳಿವೆ ಮೇಡಂ. ಒಂದೇ ಲೋಟದಲ್ಲಿ ನೀರು ಕುಡೀತವೆ, ಒಂದೇ ಚಾಪೇಲಿ ಮಲಗ್ತವೆ. ನಾನೇನ್ಮಾಡ್ಲಿ?"

ಲೋಟದಿಂದ, ಚಾಪೆಯಿಂದ, ಮುದ್ದಿನಿಂದ ಇದು ಬರುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವನು ನೆಲ ನೋಡುತ್ತಿದ್ದ. ಆಗ ಸರ್ ಒಳಗಿನಿಂದ ಬಂದರು. "ನಾಗರಾಜ್, ನಿಮ್ಮ ತಮ್ಮ ಕೊನೇಲಿ ಎಲ್ಲಿದ್ರು?"

"ಮನೇಲೇ ಸಾರ್. ನಾನೇ ನೋಡ್ಕೊಂಡೆ. ಸ್ನಾನ ಮಾಡ್ಸೋದು, ತಿನ್ಸೋದು, ಎಲ್ಲಾ."

"ನಿಮಗೆ ಬಂತಾ?"

ನಾಗರಾಜ ತಲೆಯೆತ್ತಿದ. ತಮ್ಮ ಹೋದ ಮೇಲೆ ಅವನು ಗುಟ್ಟಾಗಿ ತನ್ನ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದನೆಂದು ಆಮೇಲೆ ತಿಳಿಯಿತು. "ಇಲ್ಲ ಸಾರ್" ಎಂದ. ಹೊರಡುವಾಗ, "ಟೈಮ್ ಆಗೋವರೆಗೂ ಇಬ್ಬರೂ ಮನೇಲೇ ಇರ್ಲಿ" ಎಂದಷ್ಟೇ ಹೇಳಿದ.

ಅದೇ ಸುಮಾರಿಗೆ ನಮ್ಮಲ್ಲಿಗೆ ಪಿಸಿಆರ್ ಯಂತ್ರ ಬಂದಿತ್ತು. ಕಾವಲಿನವರನ್ನು ಬಿಟ್ಟು ಕಳ್ಳನನ್ನೇ ನೇರವಾಗಿ ಹುಡುಕುವ ವಿದ್ಯೆ ಅದು. ವೈರಾಣುವಿನ ಒಂದು ತುಣುಕು ಇದ್ದರೂ ಅದನ್ನು ಪ್ರತಿ ಮಾಡಿ, ಪ್ರತಿಯ ಪ್ರತಿ ಮಾಡಿ, ಕಣ್ಣಿಗೆ ಕಾಣುವ ಗೆರೆಯಂಥ ಪಟ್ಟಿಯಾಗಿಸುತ್ತದೆ. ಮಲ್ಲಿಯ ರಕ್ತವನ್ನು ಹಾಕಿ ನೋಡಿದೆ. ಪಟ್ಟಿ ಇರಲಿಲ್ಲ. ಮತ್ತೆ ಮಾಡಿದೆ. ಆಗಲೂ ಇರಲಿಲ್ಲ. ನಾನು ಹೆಚ್ಚುಕಡಿಮೆ ಓಡಿಕೊಂಡೇ ಸರ್ ಹತ್ತಿರ ಹೋದೆ.

"ಸರ್, ಈಗ್ಲೇ ಹೇಳ್ಬಿಡೋಣ. ಪಾಪ, ಆ ಮನೆಯವರು..."

"ಹೇಳು. ಒಳ್ಳೇ ಸೂಚನೆ ಅಂತ ಹೇಳು. ಮುಗೀತು ಅಂತ ಹೇಳ್ಬೇಡ."

"ಯಾಕೆ ಸರ್? ಮಷೀನ್ ಮೇಲೆ ನಂಬಿಕೆ ಇಲ್ವಾ?"

"ಅದು ಇನ್ನೂ ನಮಗೆ ಹೊಸದು. ನಮ್ಮ ಕೈಲಿ ಅದು ಯಾವಾಗ ತಪ್ಪುತ್ತೆ ಅಂತ ನಮಗೇ ಗೊತ್ತಿಲ್ಲ. ನಾವು ಇಲ್ಲ ಅಂದು, ನಾಳೆ ಇದೆ ಅಂದ್ರೆ, ಆಮೇಲೆ ಆ ಹುಡುಗಿಗೆ ನಿಲ್ಲೋಕೆ ಜಾಗ ಇರುತ್ತಾ?"

ನನಗೆ ಅವರ ಮೇಲೆ ಸಿಟ್ಟು ಬಂತು. ಆದರೆ ಅವರು ಹೇಳಿದಷ್ಟನ್ನೇ ಹೇಳಿದೆ. ಶಾಂತಾ ಒಳ್ಳೆಯ ಸೂಚನೆ ಎಂಬ ಆ ಎರಡು ಮಾತನ್ನು ಹಿಡಿದುಕೊಂಡು ಉಳಿದ ತಿಂಗಳುಗಳನ್ನು ತಳ್ಳಿದಳು. ಮಲ್ಲಿ ಕವುಚಿಕೊಂಡಳು, ಅಂಬೆಗಾಲಿಟ್ಟಳು, ನಮ್ಮ ವರಾಂಡದ ಕಂಬ ಹಿಡಿದು ನಿಂತಳು. ಬಂದಾಗಲೆಲ್ಲ ನಾನು ಅವಳ ರಕ್ತ ತೆಗೆದು, ಪರೀಕ್ಷೆಗೆ ಬೇಕಾದಷ್ಟು ಬಳಸಿ, ಉಳಿದದ್ದನ್ನು ಹೆಸರು ಬರೆದು ಫ್ರೀಜರ್‌ನಲ್ಲಿ ಇಡುತ್ತ ಬಂದೆ.

ಕೊನೆಗೆ ಸಮಯ ಬಂತು. ಅವತ್ತು ಹೊಸ ರಕ್ತದ ಜೊತೆಗೆ ಫ್ರೀಜರ್‌ನಲ್ಲಿದ್ದ ಹಳೆಯದನ್ನೂ ತೆಗೆದು, ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ತೆಳುಮಾಡಿ, ಮೊದಲ ಸಲ ಬಂದಾಗಿನದರಿಂದ ಅವತ್ತಿನದರವರೆಗೆ ಒಂದೇ ಸಾಲಿನಲ್ಲಿ ಪರೀಕ್ಷೆಗೆ ಹಾಕಿದೆ. ಅದು ಪ್ಲಾಸ್ಟಿಕ್ಕಿನ ತಟ್ಟೆ, ಪಡ್ಡಿನ ಕಾವಲಿಯ ಹಾಗೆ ಪುಟ್ಟ ಪುಟ್ಟ ಕುಳಿಗಳು. ಕಾವಲು ಇದ್ದರೆ ಕುಳಿಯಲ್ಲಿ ಹಳದಿ ಬಣ್ಣ ಏಳುತ್ತದೆ. ಇಲ್ಲದಿದ್ದರೆ ನೀರು ನೀರಾಗಿಯೇ ಉಳಿಯುತ್ತದೆ.

ಕೊನೆಯ ದ್ರಾವಣ ಹಾಕಿ ನಾನು ತಟ್ಟೆಯ ಎದುರೇ ನಿಂತೆ. ಮೊದಲ ಕುಳಿಯಲ್ಲಿ ಅರಿಶಿನ ಕದಡಿದಂಥ ಗಾಢ ಹಳದಿ. ಪಕ್ಕದ್ದರಲ್ಲಿ ಸ್ವಲ್ಪ ಕಡಿಮೆ. ಅದರ ಪಕ್ಕದಲ್ಲಿ ನಿಂಬೆಹಣ್ಣಿನ ಬಣ್ಣ. ಆಮೇಲೆ ಇದೆಯೋ ಇಲ್ಲವೋ ಎಂಬಷ್ಟು. ಕೊನೆಯ ಕುಳಿ ತಿಳಿನೀರು. ನಾನು ಸರ್ ಅವರನ್ನು ಕರೆದೆ. ಅವರು ಕನ್ನಡಕ ತೆಗೆದು, ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಯಂತ್ರದಲ್ಲಿ ಬಣ್ಣ ಅಳೆದು ಖಚಿತಪಡಿಸಿಕೊಂಡರು. ಪಿಸಿಆರ್ ಅನ್ನೂ ಮತ್ತೊಮ್ಮೆ ಮಾಡಿಸಿದರು. ಎರಡೂ ಒಂದೇ ಮಾತು ಹೇಳಿದವು.

"ಈಗ ಮುಗೀತು ಅಂತ ಹೇಳು" ಎಂದರು. ಕನ್ನಡಕ ಮತ್ತೆ ಹಾಕಿಕೊಂಡರು. "ತಟ್ಟೇನೂ ತೋರಿಸು. ಇದನ್ನ ನೋಡೋ ಹಕ್ಕು ನಮಗಿಂತ ಅವರಿಗೆ ಜಾಸ್ತಿ."

ಕುಳಿಗಳ ಬಣ್ಣ ಹೆಚ್ಚು ಹೊತ್ತು ಹಾಗೇ ಇರುವುದಿಲ್ಲ. ಆದ್ದರಿಂದ ಅವರೆಲ್ಲ ಬಂದ ದಿನ ಮತ್ತೊಮ್ಮೆ ಅದೇ ಸಾಲನ್ನು ಹಾಕಿದೆ. ನಾಗರಾಜನೂ ಬಂದಿದ್ದ. ಪ್ರಯೋಗಾಲಯದ ಗಾಜಿನ ಕಿಟಕಿಯ ಈಚೆ ನಿಲ್ಲಿಸಿ, ಇದು ಮೊದಲ ಸಲ ಬಂದಾಗಿನದು, ಇದು ಕವುಚಿಕೊಂಡಾಗಿನದು ಎಂದು ಒಂದೊಂದಾಗಿ ತೋರಿಸಿದೆ. ಪುಟ್ಟಮ್ಮ ಸೆರಗು ಬಾಯಿಗೊತ್ತಿ ಅಳತೊಡಗಿದಳು. ಶಾಂತಾ ಅಳಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ಸಾಲಿನುದ್ದಕ್ಕೂ ಸರಿಸಿದಳು.

"ಈ ಹಳದಿ ಎಲ್ಲಾ ನಾನಾ ಮೇಡಂ?"

"ಹೂಂ ಕಣಮ್ಮ. ಎಲ್ಲಾ ನೀನು ಕೊಟ್ಟಿದ್ದೇ."

ಬೆರಳು ಕೊನೆಯ ಕುಳಿಯ ಎದುರು ನಿಂತಿತು. "ಇಲ್ಲಿ ನಾನಿಲ್ಲ. ಇಲ್ಲಿಂದ ಇವಳೇ" ಎಂದಳು.

ನಾನು ಎಷ್ಟೋ ವರ್ಷ ರೋಗನಿರೋಧಕ ಶಾಸ್ತ್ರ ಓದಿದ್ದೇನೆ, ಕಲಿಸಿದ್ದೇನೆ. ತಾಯಿಯ ಪ್ರತಿಕಾಯ ಮಗುವಿನಲ್ಲಿ ಕ್ರಮೇಣ ಕ್ಷಯಿಸುತ್ತದೆ ಎಂದು ಕಪ್ಪುಹಲಗೆಯ ಮೇಲೆ ಇಳಿಯುವ ಗೆರೆ ಎಳೆದು ತೋರಿಸಿದ್ದೇನೆ. ಆ ಗೆರೆ ಏನೆಂದು ತಿಳಿದದ್ದು ಅವತ್ತು. ನಾಗರಾಜ ಬಗ್ಗಿ ಮಲ್ಲಿಯನ್ನು ಎತ್ತಿಕೊಂಡ. ಅವಳು ಹುಟ್ಟಿದ ಮೇಲೆ ಅವನು ಅವಳನ್ನು ಎತ್ತಿಕೊಂಡದ್ದು ಅದೇ ಮೊದಲು ಎಂದು ಪುಟ್ಟಮ್ಮ ಆಮೇಲೆ ಹೇಳಿದಳು.

ಅವರಿಬ್ಬರೂ ಆ ಮನೆಯಲ್ಲೇ ಉಳಿದರು. ಸರ್ ನಿವೃತ್ತರಾದರು. ಆದರೆ ಶಾಂತಾಳ ಮೈಯಲ್ಲಿದ್ದ ವೈರಾಣು ತನ್ನ ಕೆಲಸ ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಅವಳನ್ನು ಸ್ಟ್ರೆಚರ್ ಮೇಲೆ ತಂದರು. ಕೆನ್ನೆ ಒಳಗೆ ಸೇರಿ, ಕೂದಲು ಉದುರಿ, ಕೈ ಕಡ್ಡಿಯಾಗಿತ್ತು. ದೇಹವನ್ನು ಕಾಯುವ ಬಿಳಿ ರಕ್ತಕಣಗಳನ್ನು ಎಣಿಸುವುದು ಆಗ ನಮ್ಮ ಕೆಲಸ. ಅವಳಲ್ಲಿ ಎಣಿಸಲು ಹೆಚ್ಚೇನೂ ಉಳಿದಿರಲಿಲ್ಲ. ಮಲ್ಲಿ ಸ್ಕೂಲ್ ಯೂನಿಫಾರ್ಮಿನಲ್ಲಿ ಸ್ಟ್ರೆಚರಿನ ಸರಳು ಹಿಡಿದು ನಿಂತಿದ್ದಳು. ಅದೇ ಹೊತ್ತಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಯನ್ನು ಹಿಡಿದಿಡುವ ಹೊಸ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರುಮಾಡಿದ್ದರು. ಅವಳಿಗೂ ಶುರುಮಾಡಿದರು. ತಡವಾಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ನಾನು ಬೇರೆ ಊರಿನಲ್ಲಿ ತರಬೇತಿ ಕೊಡಲು ಹೋದೆ. ಅವಳ ಸುದ್ದಿ ಕೇಳುವ ಧೈರ್ಯ ನನಗಿರಲಿಲ್ಲ.

ಮರುವರ್ಷ ವಾಪಸ್ ಬಂದು ಕೆಲಸಕ್ಕೆ ಕೂತ ವಾರದಲ್ಲಿ, ಒಂದು ಬೆಳಿಗ್ಗೆ ಮೈಕೈ ತುಂಬಿಕೊಂಡ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಎಣ್ಣೆ ಹಚ್ಚಿ ಬಾಚಿದ ದಪ್ಪ ಜಡೆ, ಅದರಲ್ಲಿ ಕನಕಾಂಬರ. ರಕ್ತ ಕೊಡಲು ಬಂದವರು ಮೊದಲು ಹೊರಗಿನ ಕೌಂಟರಿಗೆ ಹೋಗಬೇಕು. ನಾನು ಕೆಲಸದಿಂದ ಅರ್ಧ ತಲೆಯೆತ್ತಿ ಕೇಳಿದೆ:

"ಯಾರು ಬೇಕಾಗಿತ್ತಮ್ಮ?"

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ನಾನೇ ಮೇಡಂ, ಶಾಂತಾ" ಎಂದಳು.